ಶಾಲೆಗೊಂದು ಸರಳ ಜಾಲಪುಟ

ಪ್ರಸ್ತಾವನೆ

ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನಲ್ಲಿ, ದೂಧಗಂಗಾ ನದಿಯ ದಂಡೆಯ ಮೇಲೆ ಸುಳಕೂಡ ಗ್ರಾಮವಿದೆ. ಅದೇ ಜಿಲ್ಲೆಯ ಪೂರ್ವಭಾಗದಲ್ಲಿ ವಿದ್ಯುತ್ ಮಗ್ಗಗಳ ನಗರವಾದ ಇಚಲಕರಂಜಿಯಿದೆ. ದಕ್ಷಿಣದಲ್ಲಿ ಹಿರಣ್ಯಕೇಶಿ ನದಿಯ ದಂಡೆಯ ಗಡಹಿಂಗ್ಲಜವಿದೆ. ಗಡಿಗೆ ಹತ್ತಿದ ಈ ಸೀಮೆಯ ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಮಗ್ಗದ ಶೆಡ್ಡುಗಳಲ್ಲಿ ಮರಾಠಿಯೊಂದಿಗೆ ಕನ್ನಡವೂ ಕೇಳಿಬರುತ್ತದೆ. ಆದರೆ ಕಿವಿಗೆ ಬೀಳುವಷ್ಟು ಕನ್ನಡ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೊಬೈಲಿನ ಪರದೆಯ ಮೇಲಂತೂ ಅದು ಇನ್ನೂ ವಿರಳ.

ಇಂಥ ಸೀಮೆಯ ಕನ್ನಡ ಮಾಧ್ಯಮದ ಶಾಲೆಯೊಂದನ್ನು ಊಹಿಸಿಕೊಳ್ಳಬಹುದು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ದಾಖಲೆಗಳ ಸೂಚನೆಯನ್ನು ಶಿಕ್ಷಕರು ಕಾಗದದ ಮೇಲೆ ಅಂದವಾಗಿ ಬರೆಯುತ್ತಾರೆ. ಅದರ ಛಾಯಾಚಿತ್ರ ತೆಗೆದು ಪಾಲಕರ ಗುಂಪಿಗೆ ಕಳಿಸುತ್ತಾರೆ. ರಾತ್ರಿ ಪಾಳಿಯಲ್ಲಿ ಮಗ್ಗ ನಡೆಸುವ ತಂದೆ ಅದನ್ನು ನೋಡುವ ಹೊತ್ತಿಗೆ ಹತ್ತಾರು ಶುಭಾಶಯ ಚಿತ್ರಗಳ ಕೆಳಗೆ ಸೂಚನೆ ಹೂತುಹೋಗಿರುತ್ತದೆ. ವಾರದ ಬಳಿಕ ಹುಡುಕಿದರೆ ಸಿಗುವುದಿಲ್ಲ. ಓದು ಬಾರದ ಅಜ್ಜಿಯ ಕೈಯಲ್ಲಿ ಮೊಬೈಲು ಇದ್ದರೂ ಅದು ಆ ಚಿತ್ರವನ್ನು ನೇರವಾಗಿ ಓದಿ ಹೇಳುವುದಿಲ್ಲ. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ನಷ್ಟವಾಗುವುದು ಮಗುವಿಗೆ.

ಅದೇ ಸೂಚನೆಯನ್ನು ಅಕ್ಷರರೂಪದಲ್ಲಿ ಒಂದು ಸರಳ ಜಾಲಪುಟದಲ್ಲಿ ಇಟ್ಟರೆ ಸ್ಥಿತಿ ಬದಲಾಗುತ್ತದೆ. ಪುಟಕ್ಕೆ ಒಂದು ನಿಶ್ಚಿತ ವಿಳಾಸವಿರುವುದರಿಂದ ಅದು ಹೂತುಹೋಗುವುದಿಲ್ಲ. ಅಕ್ಷರವಾಗಿರುವುದರಿಂದ ಹುಡುಕಿದರೆ ಸಿಗುತ್ತದೆ. ಮೊಬೈಲಿನ ಓದುಧ್ವನಿಯು ಅದನ್ನು ಕನ್ನಡದಲ್ಲಿಯೇ ಓದಿ ಹೇಳಬಲ್ಲದು. ಇಂಥ ಪುಟವನ್ನು ಕಡಿಮೆ ವೇಳೆಯಲ್ಲಿ, ಕಡಿಮೆ ಸಾಧನಗಳಿಂದ ಸಿದ್ಧಪಡಿಸುವ ಕ್ರಮವನ್ನು ಪ್ರಸ್ತುತ ಪಾಠದಲ್ಲಿ ವಿವರಿಸಲಾಗಿದೆ. ಇಯತ್ತೆ 7 ಹಾಗೂ ಮೇಲಿನ ವಿದ್ಯಾರ್ಥಿಗಳೊಂದಿಗೆ ಇದನ್ನು ಉಪಕ್ರಮವಾಗಿಯೂ ಕೈಗೊಳ್ಳಬಹುದು.

ಅಧ್ಯಯನ ನಿಷ್ಪತ್ತಿ

ಈ ಪಾಠದ ಬಳಿಕ ವಿದ್ಯಾರ್ಥಿಯು,
1. ಜಾಲಪುಟದ ರಚನೆ ಮತ್ತು ಅಲಂಕಾರ ಇವುಗಳ ವ್ಯತ್ಯಾಸವನ್ನು ಹೇಳುತ್ತಾನೆ/ಹೇಳುತ್ತಾಳೆ.
2. ಕನ್ನಡ ಪಠ್ಯವು ಯುನಿಕೋಡ್‌ನಲ್ಲಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುತ್ತಾನೆ/ಪರೀಕ್ಷಿಸುತ್ತಾಳೆ.
3. ತನ್ನ ಊರಿನ ಬಗ್ಗೆ ಒಂದು ಸರಳ ಪುಟವನ್ನು ಸ್ವತಃ ಸಿದ್ಧಪಡಿಸುತ್ತಾನೆ/ಸಿದ್ಧಪಡಿಸುತ್ತಾಳೆ.

ಮೊದಲ ಜಾಲಪುಟ ಕಲಿಸುವ ಪಾಠ

ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಸಮೀಪದ ಸರ್ನ್ ಸಂಶೋಧನ ಸಂಸ್ಥೆಯಲ್ಲಿದ್ದಾಗ 1989ರಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಮಂಡಿಸಿದರು. 1991ರಲ್ಲಿ ಜಗತ್ತಿನ ಮೊದಲ ಜಾಲತಾಣವು ಹೊರಗಿನ ಬಳಕೆದಾರರಿಗೆ ತೆರೆದುಕೊಂಡಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಆ ಮೊದಲ ತಾಣದಲ್ಲಿ ಬಣ್ಣದ ಚಿತ್ರಗಳಿರಲಿಲ್ಲ, ಚಲಿಸುವ ಅಕ್ಷರಗಳಿರಲಿಲ್ಲ. ಶೀರ್ಷಿಕೆ, ಕೆಲವು ಸಾಲುಗಳು, ಬೇರೆ ಪುಟಗಳಿಗೆ ಕರೆದೊಯ್ಯುವ ಕೊಂಡಿಗಳು ಇಷ್ಟೇ ಇದ್ದವು. ಸರ್ನ್ ಉಳಿಸಿಕೊಂಡಿರುವ ಆ ಪುಟವು ಇಂದಿನ ಸಾಧಾರಣ ಮೊಬೈಲಿನಲ್ಲಿಯೂ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ. ಮೂರು ದಶಕಗಳಲ್ಲಿ ಎಷ್ಟೋ ಆಡಂಬರದ ತಾಣಗಳು ಕೆಟ್ಟು ನಿಂತಿವೆ. ಸರಳ ಪುಟ ಉಳಿದಿದೆ. ಸರಳತೆಯು ಬಡತನವಲ್ಲ, ಬಾಳಿಕೆಯ ಗುಣ ಎಂಬುದನ್ನು ವಿದ್ಯಾರ್ಥಿಗಳಿಗೆ ಈ ಉದಾಹರಣೆಯಿಂದ ಮನವರಿಕೆ ಮಾಡಿಕೊಡಬೇಕು.

ಹಾಸು ಮತ್ತು ಹೊಕ್ಕು

ಜಾಲ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ವೆಬ್ ಎಂಬ ಪದದ ಮೂಲಾರ್ಥ ನೇಯ್ದ ಬಟ್ಟೆ ಎಂದು. ಇಚಲಕರಂಜಿಯ ಮಗುವಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಬಟ್ಟೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಇರುತ್ತವೆ. ಮೊದಲು ಹಾಸನ್ನು ಬಿಗಿಯಾಗಿ ಅಣಿಗೊಳಿಸಬೇಕು. ಹಾಸಿನ ಎಳೆ ತಪ್ಪಿದರೆ ದೋಷವು ಬಟ್ಟೆಯ ಉದ್ದಕ್ಕೂ ಕಾಣಿಸುತ್ತದೆ.

ಜಾಲಪುಟದಲ್ಲಿ ಹಾಸಿನ ಕೆಲಸವನ್ನು ಎಚ್‌ಟಿಎಂಎಲ್ ಎಂಬ ಗುರುತುಭಾಷೆ ಮಾಡುತ್ತದೆ. ಇದು ಶೀರ್ಷಿಕೆ, ಇದು ವಾಕ್ಯವೃಂದ, ಇದು ಪಟ್ಟಿ, ಇದು ಕೊಂಡಿ ಎಂದು ಅದು ತಿಳಿಸುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚಿನ ಅಂತರ ಮುಂತಾದ ಅಲಂಕಾರವನ್ನು ಸಿಎಸ್‌ಎಸ್ ಎಂಬ ಶೈಲಿಭಾಷೆ ನೋಡಿಕೊಳ್ಳುತ್ತದೆ. ಹೋಕನ್ ವಿಯುಮ್ ಲೀ ಅವರು 1994ರಲ್ಲಿ ಇದನ್ನು ಸೂಚಿಸಿದರು. ಇದರ ಮೊದಲ ಆವೃತ್ತಿ 1996ರಲ್ಲಿ ಮಾನ್ಯವಾಯಿತು. ರಚನೆಯನ್ನೂ ಅಲಂಕಾರವನ್ನೂ ಬೇರೆ ಬೇರೆ ಕಡತಗಳಲ್ಲಿ ಇಡುವುದೇ ಸಮಯ ಉಳಿಸುವ ಮೊದಲ ಉಪಾಯ. ಶಾಲೆಯ ಇಪ್ಪತ್ತು ಪುಟಗಳಿಗೆ ಒಂದೇ ಶೈಲಿಕಡತವಿದ್ದರೆ ಶೀರ್ಷಿಕೆಯ ಬಣ್ಣವನ್ನು ಒಂದೇ ಕಡೆ ಬದಲಿಸಿದರೆ ಸಾಕು, ಇಪ್ಪತ್ತೂ ಪುಟಗಳಲ್ಲಿ ಅದು ಬದಲಾಗುತ್ತದೆ. ಜಕಾರ್ಡ್ ಮಗ್ಗದಲ್ಲಿ ಮಗ್ಗವನ್ನು ಮುಟ್ಟದೆ ರಂಧ್ರಪಟ್ಟಿಯನ್ನಷ್ಟೇ ಬದಲಿಸಿ ಹೊಸ ವಿನ್ಯಾಸ ನೇಯುವುದನ್ನು ಇಲ್ಲಿ ನೆನಪಿಸಬಹುದು.

ಸರಳ ಪುಟಕ್ಕೆ ಬೇಕಾಗುವ ಮುಖ್ಯ ಗುರುತುಗಳು ಆರೇ ಆರು. ಮುಖ್ಯ ಶೀರ್ಷಿಕೆಗೆ ಎಚ್1, ಉಪಶೀರ್ಷಿಕೆಗೆ ಎಚ್2, ವಾಕ್ಯವೃಂದಕ್ಕೆ ಪಿ, ಪಟ್ಟಿಯ ಪ್ರತಿ ಅಂಶಕ್ಕೆ ಎಲ್‌ಐ, ಚಿತ್ರಕ್ಕೆ ಐಎಂಜಿ, ಕೊಂಡಿಗೆ ಎ. ಪಟ್ಟಿಯ ಅಂಶಗಳೆಲ್ಲವನ್ನೂ ಯುಎಲ್ ಎಂಬ ಹೊರಗುರುತಿನಲ್ಲಿ ಸೇರಿಸಬೇಕು. ಇವುಗಳನ್ನು ಶಿಕ್ಷಕರು ಫಲಕದ ಮೇಲೆ ರೋಮನ್ ಅಕ್ಷರಗಳಲ್ಲಿ ಕೋನಾವರಣದೊಳಗೆ ಬರೆದು ತೋರಿಸಬೇಕು. ಪಠ್ಯವನ್ನು ಒಳಗೊಳ್ಳುವ ಗುರುತು ಎಲ್ಲಿ ತೆರೆಯಿತೋ ಅಲ್ಲಿಂದ ಮುಂದೆ ಅದನ್ನು ಮುಚ್ಚಲೇಬೇಕು ಎಂಬ ನಿಯಮವನ್ನು ಒತ್ತಿ ಹೇಳಬೇಕು. ಐಎಂಜಿಗೆ ಮಾತ್ರ ಮುಚ್ಚುಗುರುತು ಇಲ್ಲ.

ಕನ್ನಡವು ಅಕ್ಷರವಾಗಿಯೇ ಇರಲಿ

ಕನ್ನಡ ಪುಟ ಮಾಡುವವರ ವೇಳೆ ಹೆಚ್ಚಾಗಿ ವ್ಯರ್ಥವಾಗುವುದು ವಿನ್ಯಾಸದಲ್ಲಿ ಅಲ್ಲ, ಲಿಪಿಯ ಗೊಂದಲದಲ್ಲಿ. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ವಿಶ್ವಕನ್ನಡವನ್ನು ಕನ್ನಡದ ಮೊದಲ ಜಾಲತಾಣವೆಂದು ಗುರುತಿಸಲಾಗುತ್ತದೆ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ತಂತ್ರಾಂಶವು ಬಂದಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಬಳಕೆಗೆ ಬಂದಿತು. ಇವುಗಳಿಂದ ಗಣಕದಲ್ಲಿ ಕನ್ನಡ ಬರೆಯುವುದು ಜನಸಾಮಾನ್ಯರಿಗೆ ಸುಲಭವಾಯಿತು. ಆದರೆ ಆ ಕಾಲದ ಫಾಂಟುಗಳಲ್ಲಿ ಗಣಕವು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟುಕೊಂಡು ಹೊರಗೆ ಕನ್ನಡದ ಆಕೃತಿಯನ್ನು ತೋರಿಸುತ್ತಿತ್ತು. ಆ ಫಾಂಟು ಇಲ್ಲದ ಗಣಕದಲ್ಲಿ ಕನ್ನಡವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು.

ಯುನಿಕೋಡ್ ಈ ತೊಡಕನ್ನು ನಿವಾರಿಸಿತು. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗವಿದೆ. ಯುನಿಕೋಡ್‌ನಲ್ಲಿ ಬರೆದ ‘ಳ’ ಯಾವ ದೇಶದ ಯಾವ ಸಾಧನದಲ್ಲಿಯೂ ‘ಳ’ವೇ ಆಗಿರುತ್ತದೆ. ಇಂದಿನ ಬರಹ, ನುಡಿ ತಂತ್ರಾಂಶಗಳಲ್ಲಿಯೂ ಯುನಿಕೋಡ್ ಸೌಲಭ್ಯವಿದೆ. ಮೊಬೈಲಿನ ಕನ್ನಡ ಕೀಲಿಮಣೆಯು ಯುನಿಕೋಡ್‌ನಲ್ಲಿಯೇ ಬರೆಯುತ್ತದೆ.

ಶಾಲೆಯ ಗಣಕದಲ್ಲಿರುವ ಹಳೆಯ ಕಡತ ಯಾವ ಬಗೆಯದು ಎಂದು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಅದರ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಥವಾ ಮೊಬೈಲಿನ ಸಂದೇಶದಲ್ಲಿ ಅಂಟಿಸಬೇಕು. ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. ರೋಮನ್ ಅಕ್ಷರಗಳಾಗಿ ಒಡೆದರೆ ಹಳೆಯ ಸಂಕೇತ. ಅಂಥ ಕಡತವನ್ನು ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಂಡರೆ ಸಾಕು. ಮತ್ತೆ ಬೆರಳಚ್ಚು ಮಾಡುವ ಶ್ರಮ ಉಳಿಯುತ್ತದೆ.

ಪುಟದ ಆರಂಭದಲ್ಲಿ ಮೂರು ಘೋಷಣೆಗಳನ್ನು ಮರೆಯದೆ ಬರೆಯಬೇಕು. ಮೊದಲನೆಯದು ಭಾಷೆಯ ಗುರುತು: ಕನ್ನಡಕ್ಕೆ ಕೆಎನ್, ಮರಾಠಿಗೆ ಎಂಆರ್. ಓದುಧ್ವನಿಯು ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ಇದರಿಂದ ತಿಳಿದುಕೊಳ್ಳುತ್ತದೆ. ಕನ್ನಡ ಪುಟದ ನಡುವೆ ಸರಕಾರದ ಮರಾಠಿ ಆದೇಶದ ಒಂದು ವಾಕ್ಯವೃಂದ ಬಂದರೆ ಆ ಭಾಗಕ್ಕೆ ಮಾತ್ರ ಎಂಆರ್ ಎಂದು ಸೂಚಿಸಬಹುದು. ಎರಡನೆಯದು ಅಕ್ಷರಸಂಕೇತ ಯುಟಿಎಫ್-8. ಇದು ಇಲ್ಲವಾದರೆ ಕೆಲವು ಸಾಧನಗಳಲ್ಲಿ ಕನ್ನಡ ಕಲಸಿಹೋಗುತ್ತದೆ. ಕಡತವನ್ನು ಉಳಿಸುವಾಗಲೂ ಇದನ್ನೇ ಆಯ್ದುಕೊಳ್ಳಬೇಕು. ಮೂರನೆಯದು ವ್ಯೂಪೋರ್ಟ್ ಸೂಚನೆ. ಇದಿಲ್ಲದಿದ್ದರೆ ಮೊಬೈಲು ಪುಟವನ್ನು ಗಣಕದ ಪರದೆಯಷ್ಟು ಅಗಲವೆಂದು ಭಾವಿಸಿ ಅಕ್ಷರಗಳನ್ನು ಇರುವೆಯ ಸಾಲಿನಂತೆ ಕುಗ್ಗಿಸುತ್ತದೆ.

ಶೈಲಿಕಡತದಲ್ಲಿಯೂ ಕನ್ನಡದ ಸ್ವಭಾವವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಅಕ್ಷರಗಳ ಕೆಳಗೆ ವಿಶೇಷ ಸ್ಥಳ ಬೇಕಾಗುವುದಿಲ್ಲ. ಕನ್ನಡದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ಅಂತರವು ಅಕ್ಷರಗಾತ್ರದ 1.6 ಪಟ್ಟು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ. ವಿಶೇಷ ಫಾಂಟನ್ನು ಪುಟದೊಂದಿಗೆ ಕಳಿಸುವ ಅಗತ್ಯವೂ ಇಲ್ಲ. ವಿಂಡೋಸ್ ಗಣಕದಲ್ಲಿ ತುಂಗಾ ಅಥವಾ ನಿರ್ಮಲಾ, ಆಂಡ್ರಾಯ್ಡ್ ಮೊಬೈಲಿನಲ್ಲಿ ನೋಟೊ ಕುಟುಂಬದ ಕನ್ನಡ ಫಾಂಟು ಮೊದಲೇ ಇರುತ್ತದೆ. ಅದನ್ನೇ ಬಳಸಿದರೆ ಪುಟ ಹಗುರವಾಗುತ್ತದೆ.

ಮಾದರಿ ಪುಟ: ಸುಳಕೂಡ

ವಿದ್ಯಾರ್ಥಿಗಳಿಗೆ ಮೊದಲ ಅಭ್ಯಾಸಕ್ಕಾಗಿ ಊರಿನ ಪರಿಚಯದ ಪುಟವನ್ನು ಕೊಡುವುದು ಸೂಕ್ತ. ಉದಾಹರಣೆಗೆ ಸುಳಕೂಡದ ಪುಟವನ್ನು ತೆಗೆದುಕೊಳ್ಳಬಹುದು. ಗಣಕವನ್ನು ಮುಟ್ಟುವ ಮೊದಲು ಕಾಗದದ ಮೇಲೆ ಒಂದು ಚೌಕವನ್ನು ಬರೆದು ಅದರಲ್ಲಿ ಪುಟದ ಅಂಶಗಳನ್ನು ಕ್ರಮವಾಗಿ ಗುರುತಿಸಬೇಕು. ಶೀರ್ಷಿಕೆಯಲ್ಲಿ ಊರಿನ ಹೆಸರು. ಮೊದಲ ವಾಕ್ಯವೃಂದದಲ್ಲಿ ತಾಲೂಕು, ಜಿಲ್ಲೆ ಮತ್ತು ನದಿ. ಎರಡನೆಯದರಲ್ಲಿ ನೀರಿನ ವಿಷಯ. ಬಳಿಕ ಊರಿನ ಮುಖ್ಯ ಬೆಳೆಗಳ ಪಟ್ಟಿ. ನದಿಯ ಒಂದು ಚಿತ್ರ. ಕೊನೆಗೆ ಪುಟ ಬರೆದ ದಿನಾಂಕ. ಕಾಗದದ ಮೇಲೆ ಕಳೆದ ಹತ್ತು ನಿಮಿಷಗಳು ಗಣಕದ ಮುಂದೆ ಒಂದು ತಾಸನ್ನು ಉಳಿಸುತ್ತವೆ.

ನೀರಿನ ವಿಷಯವನ್ನು ಬರೆಯುವಾಗ ದಿನಾಂಕದ ಮಹತ್ವ ತಿಳಿಯುತ್ತದೆ. ಇಚಲಕರಂಜಿ ನಗರಕ್ಕೆ ಸುಳಕೂಡದ ಬಳಿ ದೂಧಗಂಗೆಯಿಂದ ಕುಡಿಯುವ ನೀರನ್ನು ಒಯ್ಯುವ ಯೋಜನೆಯು ನದಿದಂಡೆಯ ಹಳ್ಳಿಗಳಲ್ಲಿಯೂ ನಗರದಲ್ಲಿಯೂ ಬಹಳ ಚರ್ಚೆಗೆ ಒಳಗಾಗಿದೆ. ನಗರಕ್ಕೆ ನೀರು ಬೇಕು. ದಂಡೆಯ ರೈತರಿಗೆ ತಮ್ಮ ಹೊಲಗಳ ನೀರಿನ ಚಿಂತೆ. ಇಂಥ ವಿಷಯದಲ್ಲಿ ಎರಡೂ ಕಡೆಯವರ ಮಾತನ್ನು ಒಂದೊಂದು ವಾಕ್ಯದಲ್ಲಿ ಬರೆದು, ಯಾವ ದಿನದವರೆಗಿನ ಮಾಹಿತಿ ಎಂಬುದನ್ನು ತಿಳಿಸುವುದು ಪ್ರಾಮಾಣಿಕ ಪುಟದ ಲಕ್ಷಣ.

ಊರಿನ ಹೆಸರಿನ ಕಾಗುಣಿತಕ್ಕೂ ಗಮನ ಬೇಕು. ಒಂದು ಪುಟದಲ್ಲಿ ‘ಸುಳಕೂಡ’, ಇನ್ನೊಂದರಲ್ಲಿ ‘ಸುಳಕುಡ’, ಮತ್ತೊಂದರಲ್ಲಿ ‘ಸುಳ್ಕೂಡ’ ಎಂದಿದ್ದರೆ ಓದುವ ಮನುಷ್ಯನಿಗೆ ಅದು ಒಂದೇ ಊರು; ಹುಡುಕುವ ಯಂತ್ರಕ್ಕೆ ಮೂರು ಬೇರೆ ಪದಗಳಾಗಿ ತೋರಬಹುದು. ಗಡಿಭಾಗದಲ್ಲಿ ಹೆಸರುಗಳು ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಸಾಗುತ್ತಲೇ ಇರುವುದರಿಂದ ಈ ಭೇದಗಳು ಸಹಜ. ಆದ್ದರಿಂದ ಶಾಲೆಯಲ್ಲಿ ಸುತ್ತಲಿನ ಊರುಗಳ ಹೆಸರಿನ ಒಂದು ಪಟ್ಟಿಯನ್ನು ಸಿದ್ಧಪಡಿಸಿ ಎಲ್ಲ ಪುಟಗಳಲ್ಲಿಯೂ ಅದನ್ನೇ ಅನುಸರಿಸಬೇಕು. ಊರಿನ ಹೆಸರನ್ನು ಮೊದಲ ವಾಕ್ಯದಲ್ಲಿ ಒಮ್ಮೆ ಮರಾಠಿ ಲಿಪಿಯಲ್ಲಿಯೂ ಬರೆದರೆ ಎರಡೂ ಭಾಷೆಯವರಿಗೆ ಪುಟ ದೊರೆಯುತ್ತದೆ.

ಪುಟದ ತೂಕ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು ಬೇಕು. ‘ಸುಳಕೂಡ’ ಎಂಬ ಪದದಲ್ಲಿ ನಾಲ್ಕು ಅಕ್ಷರಗಳಿದ್ದರೂ ಎರಡು ಸ್ವರಚಿಹ್ನೆಗಳು ಸೇರಿ ಆರು ಸಂಕೇತಗಳಾಗುತ್ತವೆ. ಅಂದರೆ 18 ಬೈಟುಗಳು. ಈ ಲೆಕ್ಕದಂತೆ 2,000 ಸಂಕೇತಗಳ ಒಂದು ಪೂರ್ಣ ಸೂಚನೆಗೆ ಸುಮಾರು 6,000 ಬೈಟುಗಳು, ಅಂದರೆ 6 ಕಿಲೋಬೈಟುಗಳು ಸಾಕು. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರ 3 ಮೆಗಾಬೈಟು ಇದ್ದರೆ ಅದು ಇಂಥ 500 ಸೂಚನೆಗಳಿಗೆ ಸಮ. ನದಿದಂಡೆಯ ಹಳ್ಳಿಯಲ್ಲಿ ಸಂಕೇತ ಕ್ಷೀಣವಾಗಿದ್ದಾಗ ಯಾವುದು ಮೊದಲು ತೆರೆದುಕೊಳ್ಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಈ ಗಣಿತವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು.

ಚಿತ್ರಗಳನ್ನು ಸಂಪೂರ್ಣ ಬಿಡಬೇಕೆಂದಲ್ಲ. ಚಿತ್ರದ ಅಗಲವನ್ನು 800 ಪಿಕ್ಸೆಲ್‌ಗಳಿಗೆ ಇಳಿಸಿದರೆ ಮೊಬೈಲಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ, ತೂಕವೂ ಬಹಳಷ್ಟು ಇಳಿಯುತ್ತದೆ. ಪ್ರತಿ ಚಿತ್ರಕ್ಕೆ ‘ದೂಧಗಂಗಾ ನದಿ ಮತ್ತು ದಂಡೆಯ ಕಬ್ಬಿನ ಹೊಲ’ ಎಂಬಂಥ ಬದಲಿ ವಿವರಣೆಯನ್ನು ಬರೆಯಬೇಕು. ಚಿತ್ರ ತೆರೆಯದಿದ್ದಾಗ ಅದು ಕಾಣಿಸುತ್ತದೆ; ದೃಷ್ಟಿದೋಷವುಳ್ಳವರಿಗೆ ಓದುಧ್ವನಿಯು ಅದನ್ನೇ ಓದಿ ಹೇಳುತ್ತದೆ.

ವೇಳೆ ಉಳಿಸುವ ಅಭ್ಯಾಸಗಳು

1. ಒಂದು ಪುಟವನ್ನು ಚೆನ್ನಾಗಿ ಸಿದ್ಧಪಡಿಸಿ ಅದನ್ನೇ ಅಚ್ಚಾಗಿ ಇಟ್ಟುಕೊಳ್ಳಬೇಕು. ಹೊಸ ಪುಟಕ್ಕೆ ಅದರ ನಕಲು ತೆಗೆದು ಶೀರ್ಷಿಕೆ ಮತ್ತು ಪಠ್ಯವನ್ನಷ್ಟೇ ಬದಲಿಸಬೇಕು.
2. ಕಡತಗಳ ಹೆಸರುಗಳನ್ನು ಸಣ್ಣ ರೋಮನ್ ಅಕ್ಷರಗಳಲ್ಲಿ, ನಡುವೆ ಖಾಲಿ ಸ್ಥಳ ಬಿಡದೆ ಬರೆಯಬೇಕು. ಮುಖಪುಟಕ್ಕೆ ಇಂಡೆಕ್ಸ್ ಎಂಬ ಹೆಸರು ರೂಢಿಯಲ್ಲಿದೆ. ಕೊಂಡಿಗಳು ಕೆಡುವುದಕ್ಕೆ ಹೆಸರಿನ ಅವ್ಯವಸ್ಥೆಯೇ ಹಲವು ಸಲ ಕಾರಣ.
3. ಪಠ್ಯವನ್ನು ಮೊದಲು ಬರೆದು ಮುಗಿಸಿ ಬಳಿಕ ಅಲಂಕಾರಕ್ಕೆ ಕೈಹಾಕಬೇಕು. ಒಂದೊಂದು ಸಾಲಿಗೆ ಬಣ್ಣ ಹಚ್ಚುತ್ತ ಹೋದರೆ ಪುಟ ಎಂದೂ ಮುಗಿಯುವುದಿಲ್ಲ.
4. ಅಂತರ್ಜಾಲ ಸಂಪರ್ಕವಿಲ್ಲದ ಗಣಕಕೋಣೆಯಲ್ಲಿಯೂ ಕೆಲಸ ನಡೆಸಬಹುದು. ನೋಟ್‌ಪ್ಯಾಡಿನಲ್ಲಿ ಬರೆದ ಪುಟವು ಸಂಪರ್ಕವಿಲ್ಲದೆಯೇ ಬ್ರೌಸರಿನಲ್ಲಿ ತೆರೆಯುತ್ತದೆ. ತಪ್ಪುಗಳನ್ನು ಅಲ್ಲಿಯೇ ತಿದ್ದಿ, ಅಂತಿಮ ಪುಟವನ್ನು ಮಾತ್ರ ಜಾಲಕ್ಕೆ ಏರಿಸಬೇಕು.
5. ಗುರುತುಭಾಷೆಗೆ ವೇಳೆಯಿಲ್ಲದ ಶಿಕ್ಷಕರು ಗೂಗಲ್ ಸೈಟ್ಸ್‌ನಂಥ ಸಿದ್ಧ ಸಾಧನವನ್ನು ಬಳಸಬಹುದು. ಆದರೆ ಪಠ್ಯದ ಒಂದು ಪ್ರತಿಯನ್ನು ಶಾಲೆಯ ಗಣಕದಲ್ಲಿ ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಸಾಧನ ಬದಲಾದರೂ ಬರೆದ ಮಾತು ಉಳಿಯಬೇಕು.
6. ಶನಿವಾರದ ಹದಿನೈದು ನಿಮಿಷಗಳನ್ನು ಪುಟಕ್ಕೆ ಮೀಸಲಿಡಬೇಕು. ಕಳೆದ ವಾರದ ಸೂಚನೆಯನ್ನು ತೆಗೆದು ಹೊಸದನ್ನು ಹಾಕಿ ದಿನಾಂಕ ಬದಲಿಸಬೇಕು. ಹಳತಾದ ಸೂಚನೆಯಿರುವ ಪುಟವು ಪುಟವಿಲ್ಲದಿರುವುದಕ್ಕಿಂತಲೂ ಹೆಚ್ಚು ತೊಂದರೆ ಕೊಡುತ್ತದೆ.

ಮಕ್ಕಳ ಸುರಕ್ಷತೆ

ಜಾಲಕ್ಕೆ ಏರಿದ ಪುಟವನ್ನು ಊರಿನವರಷ್ಟೇ ಅಲ್ಲ, ಜಗತ್ತೆಲ್ಲವೂ ನೋಡಬಲ್ಲದು. ಮಗುವಿನ ಛಾಯಾಚಿತ್ರದೊಂದಿಗೆ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ವಿದ್ಯಾರ್ಥಿವೇತನದ ವಿವರ ಇವುಗಳನ್ನು ಹಾಕಲೇಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣ ಅಧಿನಿಯಮ, 2023ರಲ್ಲಿ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ ಅವರ ಮಾಹಿತಿಗೆ ಪಾಲಕರ ಸಮ್ಮತಿಯನ್ನು ಅಗತ್ಯಪಡಿಸಲಾಗಿದೆ. ಗುಂಪಿನ ಚಿತ್ರವಾದರೂ ಪಾಲಕರ ಲಿಖಿತ ಒಪ್ಪಿಗೆ ಮತ್ತು ಮುಖ್ಯಾಧ್ಯಾಪಕರ ಅನುಮತಿ ಪಡೆದ ಬಳಿಕವೇ ಬಳಸಬೇಕು. ಮಕ್ಕಳ ಮುಖಕ್ಕಿಂತ ಅವರು ಬರೆದ ಸಾಲುಗಳು ಶಾಲೆಯ ಪರಿಚಯವನ್ನು ಚೆನ್ನಾಗಿ ಮಾಡಿಕೊಡುತ್ತವೆ.

ಉಪಕ್ರಮ

ವರ್ಗದಲ್ಲಿ ನಾಲ್ವರ ಗುಂಪುಗಳನ್ನು ಮಾಡಬೇಕು. ಒಬ್ಬರು ಪಠ್ಯ ಬರೆಯಲಿ, ಒಬ್ಬರು ಕಾಗುಣಿತ ತಿದ್ದಲಿ, ಒಬ್ಬರು ಗುರುತುಗಳನ್ನು ಸೇರಿಸಲಿ, ಒಬ್ಬರು ಪರೀಕ್ಷಕರಾಗಲಿ. ಪರೀಕ್ಷಕರು ಪುಟವನ್ನು ಮೂರು ವಿಧದಿಂದ ನೋಡಬೇಕು: ಸಣ್ಣ ಪರದೆಯ ಮೊಬೈಲಿನಲ್ಲಿ ಅಕ್ಷರಗಳು ಓದಲು ಬರುತ್ತವೆಯೇ, ಚಿತ್ರವಿಲ್ಲದೆಯೂ ವಿಷಯ ತಿಳಿಯುತ್ತದೆಯೇ, ಓದುಧ್ವನಿಯಲ್ಲಿ ಕೇಳಿದಾಗ ವಾಕ್ಯಗಳು ಅರ್ಥವಾಗುತ್ತವೆಯೇ. ಮೂರನೆಯ ಪರೀಕ್ಷೆಯನ್ನು ಸಾಧ್ಯವಾದರೆ ಮನೆಯ ಹಿರಿಯರೊಬ್ಬರ ಮುಂದೆ ನಡೆಸಬೇಕು. ಅಜ್ಜಿಗೆ ತಿಳಿಯದ ವಾಕ್ಯವನ್ನು ತಿದ್ದಿ ಬರೆಯಬೇಕು. ಅಲ್ಲಿ ತಪ್ಪಿದ್ದು ಅಜ್ಜಿಯಲ್ಲ, ವಾಕ್ಯ. ಭಾಷೆಯ ಪಾಠವೂ ತಂತ್ರದ ಪಾಠವೂ ಇಲ್ಲಿ ಒಂದಾಗುತ್ತವೆ.

ಸ್ವಾಧ್ಯಾಯ

1. ರಚನೆ ಮತ್ತು ಅಲಂಕಾರಗಳನ್ನು ಬೇರೆ ಕಡತಗಳಲ್ಲಿ ಇಡುವುದರಿಂದಾಗುವ ಎರಡು ಲಾಭಗಳನ್ನು ಬರೆಯಿರಿ.
2. ‘ಗಡಹಿಂಗ್ಲಜ’ ಎಂಬ ಪದದಲ್ಲಿ ಎಷ್ಟು ಸಂಕೇತಗಳಿವೆ? ಸ್ವರಚಿಹ್ನೆ, ಅನುಸ್ವಾರ ಮತ್ತು ಒತ್ತನ್ನು ಉಂಟುಮಾಡುವ ಹಲಂತವನ್ನೂ ಲೆಕ್ಕಿಸಿ ಬೈಟುಗಳನ್ನು ಹೇಳಿರಿ. (ಉತ್ತರ: 9 ಸಂಕೇತಗಳು, 27 ಬೈಟುಗಳು)
3. ಸೂಚನೆಯ ಛಾಯಾಚಿತ್ರಕ್ಕೂ ಸೂಚನೆಯ ಅಕ್ಷರರೂಪಕ್ಕೂ ಇರುವ ಮೂರು ವ್ಯತ್ಯಾಸಗಳನ್ನು ತಿಳಿಸಿರಿ.
4. ನಿಮ್ಮ ಊರಿನ ಹೆಸರನ್ನು ಜನರು ಬರೆಯುವ ಬೇರೆ ಬೇರೆ ರೀತಿಗಳನ್ನು ಸಂಗ್ರಹಿಸಿರಿ; ಶಾಲೆಯ ಪುಟಕ್ಕೆ ಒಂದನ್ನು ಆರಿಸಿ ಕಾರಣ ಕೊಡಿರಿ.

ಶಿಕ್ಷಕರಿಗೆ ಸೂಚನೆ

ಮೊದಲ ಪುಟ ಸುಂದರವಾಗಿರಬೇಕೆಂಬ ಆಗ್ರಹ ಬೇಡ. ಶೀರ್ಷಿಕೆ, ನಾಲ್ಕು ಸಾಲು, ದಿನಾಂಕ ಇಷ್ಟಿದ್ದರೂ ಅದನ್ನು ಪೂರ್ಣ ಪುಟವೆಂದು ಮನ್ನಿಸಬೇಕು. ವಿದ್ಯಾರ್ಥಿಯು ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಹುಡುಕಿ, ತಾನೇ ಬರೆದ ಪುಟವನ್ನು ಕಂಡ ದಿನ ಈ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬೇಕು.